ಕೊರೋನಾಸುರನ ಕಥೆ ಹೇಳಿ ನಾನು ಮಾಡಿದ ತಪ್ಪು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಎಲ್ಲಾದರೂ ಸಾಂಕ್ರಾಮಿಕ ರೋಗದ ಸುದ್ದಿ ಕೇಳಿದರೆ ಸಾಕು, ನನ್ನ ಮಗ ರಾತ್ರಿ ನಿದ್ದೆ ಮಾಡುವುದಿಲ್ಲ. ಅವನಿಗೆ ಧೈರ್ಯ ಬರುವಂಥ ಒಂದು ನೀತಿಕಥೆ ತಿಳಿಸಿ" ಎಂದು ಕೇಳಿದಳು. "ನೀತಿಕಥೆಯೊಂದನ್ನು ಬಿಟ್ಟು ಬೇರೆ ಯಾವ ಕಥೆಯನ್ನಾದರೂ ಹೇಳಮ್ಮ" ಎಂದೆ. ಆಕೆಗೆ ಆಶ್ಚರ್ಯವಾಯಿತು. ಆಗಬೇಕಾದದ್ದೇ. ಪ್ರತಿಯೊಂದು ಕಥೆಯ ಕೊನೆಗೂ "ಇದರ ನೀತಿಯೇನು?" ಎಂದು ನಿಮ್ಮನ್ನೆಲ್ಲ ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದವನು ನಾನೇ ಅಲ್ಲವೇ? ಆ ಮೇಷ್ಟ್ರು ಏಕೆ ಬದಲಾದರೆಂಬುದನ್ನು ತಿಳಿಸುವುದು ಈ ಬರಹದ ಉದ್ದೇಶ.

2020ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. 22ರಂದು ಜನತಾ ಕರ್ಫ್ಯೂ, ಸಂಜೆ ಐದಕ್ಕೆ ತಟ್ಟೆ ಜಾಗಟೆಗಳ ಸದ್ದು. 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ರಾಜ್ಯದಲ್ಲಿ ಆ ತಿಂಗಳು ಮುಚ್ಚಿದ ಒಂದರಿಂದ ಐದನೆಯ ತರಗತಿಗಳ ಕೊಠಡಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಸುಮಾರು 19 ತಿಂಗಳು! ದೊಡ್ಡವರು ದಿನವಿಡೀ ಹಾಕಿಟ್ಟ ಟೀವಿಯಲ್ಲಿ ಸತ್ತವರ ಲೆಕ್ಕವನ್ನು ಕೇಳುತ್ತ ಎಳೆಯ ಮಕ್ಕಳು ಮನೆಯೊಳಗೆ ಕುಳಿತಿದ್ದರು. ಅವರಿಗೆ ಧೈರ್ಯ ಹೇಳಲೆಂದು ನಮ್ಮಂಥ ಹಿರಿಯರು ಕೊರೋನಾಸುರನ ಕಥೆಯನ್ನು ಕಟ್ಟಿದೆವು. ನನ್ನ ಅಸುರನಿಗೆ ಕಿರೀಟವಿತ್ತು, ಮೈತುಂಬ ಮುಳ್ಳುಗಳಿದ್ದವು. ಕೈ ತೊಳೆಯದವರನ್ನೂ ಅಮ್ಮನ ಮಾತು ಕೇಳದವರನ್ನೂ ಅವನು ಹಿಡಿಯುತ್ತಿದ್ದ. ಜಾಣ ಮಕ್ಕಳನ್ನು ಕಂಡರೆ ಓಡಿಹೋಗುತ್ತಿದ್ದ.

ಪಕ್ಕದ ಮನೆಯ ಆರು ವರ್ಷದ ಪುಟ್ಟಿ ಕಾಂಪೌಂಡಿನ ಆ ಕಡೆ ಸ್ಟೂಲಿನ ಮೇಲೆ ನಿಂತು ಈ ಕಥೆಯನ್ನು ಎಷ್ಟು ಸಲ ಕೇಳಿದಳೋ ಲೆಕ್ಕವಿಲ್ಲ. ಹೇಳದೆಯೇ ಕೈ ತೊಳೆಯುವಂತಾದಳು ಎಂದು ಅವಳ ತಾಯಿ ಹೊಗಳಿದರು, ನಾನೂ ಉಬ್ಬಿದೆ. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯಲ್ಲಿ, ಅವಳ ತಾತ ತೀರಿಕೊಂಡರು. ಅವರು ನನ್ನ ಬೆಳಗಿನ ನಡಿಗೆಯ ಜೊತೆಗಾರರು. ಆಸ್ಪತ್ರೆಗೆ ಹೋದವರು ಮನೆಗೆ ಮರಳಲಿಲ್ಲ. ಹದಿನೈದು ದಿನಗಳ ಮೇಲೆ ಪುಟ್ಟಿ ಮತ್ತೆ ಸ್ಟೂಲಿನ ಮೇಲೆ ನಿಂತು ಮೆಲ್ಲಗೆ ಕೇಳಿದಳು: "ಮೇಷ್ಟ್ರ ತಾತ, ನಾನೊಂದಿನ ಕೈ ತೊಳೀದೇ ನಮ್ಮ ತಾತನ ತಟ್ಟೆಯಿಂದ ಹಪ್ಪಳ ತೊಗೊಂಡು ತಿಂದಿದ್ದೆ. ಅದಕ್ಕೇ ಅವನು ಬಂದ್ನಾ?"

ಆ ಹದಿನೈದು ದಿನ ಆ ಮಗು ಹೊತ್ತಿದ್ದ ಭಾರವನ್ನು ಹೊರಿಸಿದ್ದು ರೋಗವಲ್ಲ, ನನ್ನ ಕಥೆ.

ಆದುದರಿಂದಲೇ ಹೇಳುತ್ತೇನೆ: ಹೆದರಿದ ಮಗುವಿಗೆ ರೋಗವನ್ನು ತಪ್ಪಿಗೆ ಸಿಗುವ ಶಿಕ್ಷೆಯಾಗಿಸುವ ಕಥೆಯನ್ನು ಹೇಳುವುದು ಅನ್ಯಾಯ. ಕೈ ತೊಳೆಯುವುದನ್ನು ಕಲಿಸಬೇಕು. ಅದನ್ನು ಬಚ್ಚಲಿನಲ್ಲಿ ನೇರವಾಗಿ ಕಲಿಸೋಣ. ಮಲಗುವ ಹೊತ್ತಿನ ಕಥೆಯೊಳಗೆ ಬೆತ್ತವನ್ನು ಬಚ್ಚಿಡುವುದು ಬೇಡ. ರಾಕ್ಷಸರ ಕಥೆಗೆ ನಾನು ವಿರೋಧಿಯಲ್ಲ. ಬಕಾಸುರನ ಕಥೆಯನ್ನು ಕೇಳಿಯೇ ನಾವೆಲ್ಲ ಬೆಳೆದೆವು. ಆದರೆ ಏಕಚಕ್ರನಗರದಲ್ಲಿ ಬಕನ ಬಾಯಿಗೆ ಹೋಗಬೇಕಾಗಿದ್ದವರು ತಪ್ಪು ಮಾಡಿದವರಲ್ಲ, ಸರದಿ ಬಂದವರು. ಆ ಕಥೆ ಯಾರನ್ನೂ ಅಪರಾಧಿಯನ್ನಾಗಿಸುವುದಿಲ್ಲ.

1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಆಮೇಲೆ ಹಲವು ವರ್ಷ ಮೈಸೂರು ಸೀಮೆಯ ಊರುಗಳಿಗೆ ಮರಳಿ ಮರಳಿ ಬಂತು. ನನ್ನ ಅಜ್ಜಿ ಅದನ್ನು ಬಾಲ್ಯದಲ್ಲಿ ಕಂಡವರು. ಇಲಿ ಬಿದ್ದದ್ದು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, ಅಲ್ಲಿಯೇ ತಂಗಿ ತೀರಿಕೊಂಡದ್ದು, ಎಲ್ಲವನ್ನೂ ರಾತ್ರಿ ನಮಗೆ ಹೇಳುತ್ತಿದ್ದರು. ತಂಗಿಯ ಸಾವನ್ನು ಅವರು ಮರೆಮಾಚುತ್ತಿರಲಿಲ್ಲ. ಅದಕ್ಕೊಂದು ತಪ್ಪನ್ನೂ ಹುಡುಕುತ್ತಿರಲಿಲ್ಲ. ಗುಡಿಸಲಿನಲ್ಲಿ ಯಾರು ಒಲೆ ಹಚ್ಚಿದರು, ಯಾರು ತನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡರು ಎಂಬುದನ್ನು ಮಾತ್ರ ತಪ್ಪದೆ ಹೇಳುತ್ತಿದ್ದರು. ಅಂಥ ಕಥೆ ಕೇಳಿ ನಾವು ಅವರ ಸೆರಗು ಹಿಡಿದು ನಿದ್ದೆ ಹೋಗುತ್ತಿದ್ದೆವು.

"ಮಕ್ಕಳಿಗೆ ಇದೆಲ್ಲ ಏನು ತಿಳಿಯುತ್ತದೆ? ಹೇಳದಿದ್ದರಾಯಿತು" ಎನ್ನುವವರಿದ್ದಾರೆ. ಪುಟ್ಟಿಗೂ ಮನೆಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಹೇಳದೆ ಬಿಟ್ಟ ಜಾಗವನ್ನು ಮಗು ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ, ಆ ಊಹೆಯಲ್ಲಿ ಅನೇಕ ವೇಳೆ ತಾನೇ ತಪ್ಪಿತಸ್ಥನಾಗಿ ನಿಲ್ಲುತ್ತದೆ. "ಕಥೆಯೆಂದರೆ ಸುಳ್ಳು, ವಿಜ್ಞಾನವನ್ನು ಹೇಳಿದರೆ ಸಾಲದೇ?" ಎನ್ನುವವರೂ ಇದ್ದಾರೆ. ವೈರಾಣುವಿನ ವಿಷಯವನ್ನು ಅಗತ್ಯವಾಗಿ ಹೇಳೋಣ. ಆದರೆ ಮಗುವಿನ ಪ್ರಶ್ನೆ ವೈರಾಣುವಿನದಲ್ಲ, "ನನ್ನನ್ನು ನೋಡಿಕೊಳ್ಳುವವರು ಯಾರು?" ಎಂಬುದು.

2020ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳ ಒಕ್ಕೂಟವೊಂದು 'ಮೈ ಹೀರೋ ಈಸ್ ಯು' ಎಂಬ ಮಕ್ಕಳ ಪುಸ್ತಕವನ್ನು ಹೊರತಂದಿತು. ಅದನ್ನು ಬರೆಯುವ ಮುನ್ನ ಜಗತ್ತಿನ ನಾನಾ ಭಾಗಗಳ 1,700ಕ್ಕೂ ಹೆಚ್ಚು ಮಕ್ಕಳು, ಪೋಷಕರು ಮತ್ತು ಶಿಕ್ಷಕರಿಂದ ಅವರ ಅಳಲನ್ನು ಕೇಳಿ ತಿಳಿದುಕೊಂಡರು. ಮೊದಲು ಕೇಳಿದರು, ಆಮೇಲೆ ಹೇಳಿದರು. ನಾನು ಕೇಳಲೇ ಇಲ್ಲ, ಹೇಳಿಬಿಟ್ಟೆ.

ಅಂದು ಪುಟ್ಟಿಗೆ ಮೊದಲು ನಿಜವನ್ನೇ ಹೇಳಿದೆ. ರೋಗ ಯಾರ ತಪ್ಪನ್ನೂ ಲೆಕ್ಕವಿಡುವುದಿಲ್ಲ, ನೀನು ಏನನ್ನೂ ಮಾಡಿಲ್ಲ, ಆ ರಾಕ್ಷಸನ ಕಥೆಯೇ ತಪ್ಪು ಎಂದೆ. ಬಳಿಕ ಅವಳು ಪುಣ್ಯಕೋಟಿಯ ಕಥೆ ಕೇಳಿದಳು. ನಾವು ಅದನ್ನು ಸತ್ಯದ ನೀತಿ ಕಲಿಸಲೆಂದೇ ತರಗತಿಯಲ್ಲಿ ಓದಿಸಿದವರು. ಪುಟ್ಟಿ ಹುಲಿಯ ಬಳಿಯೂ ನಿಲ್ಲಲಿಲ್ಲ, ಸತ್ಯದ ಬಳಿಯೂ ನಿಲ್ಲಲಿಲ್ಲ. ತಾಯಿಹಸು ತಾನು ಹೊರಡುವುದನ್ನು ಕರುವಿಗೆ ಮುಚ್ಚಿಡದೆ ತಿಳಿಸಿ, ಅದನ್ನು ಉಳಿದ ಹಸುಗಳ ಮಡಿಲಿಗೆ ಒಪ್ಪಿಸುವ ಜಾಗದಲ್ಲಿ ನನ್ನನ್ನು ತಡೆದಳು. "ಅವು ನಿಜವಾಗ್ಲೂ ನೋಡ್ಕೊಂಡ್ವಾ?" ಎಂದಳು. ನೋಡಿಕೊಂಡವು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಕೂಲ್ ತೆಗೆದ್ಮೇಲೆ ವ್ಯಾನ್ ಹತ್ರ ನನ್ನ ಬ್ಯಾಗ್ ಹಿಡ್ಕೊಳ್ಳೋಕೆ ಯಾರು ಬರ್ತಾರೆ? ತಾತ ಬರ್ತಿದ್ರು" ಎಂದಳು. ಇಷ್ಟು ದಿನ ಅವಳೊಳಗಿದ್ದ ಚಿಂತೆ ಅದು! ಆ ಸಂಜೆ ಅವಳ ಚಿಕ್ಕಮ್ಮ, "ನಾನು ಬರುತ್ತೇನೆ" ಎಂದು ಮಾತು ಕೊಟ್ಟರು. ಶಾಲೆ ತೆರೆದ ಮೇಲೆ ನಡೆಸಿಯೂ ಕೊಟ್ಟರು.

ನೀವು ಈಗ ತಂದೆತಾಯಿಗಳು, ಕೆಲವರು ಅಜ್ಜ ಅಜ್ಜಿಯರು. ಮತ್ತೊಂದು ರೋಗ ಬರುವುದಿಲ್ಲವೆಂದು ಯಾರೂ ಬರೆದುಕೊಟ್ಟಿಲ್ಲ. ಕಥೆ ಹೇಳಿ. ಸಾವು ಬಂದರೆ ಬರಲಿ. ಆದರೆ ಕಥೆಯೊಳಗಿನ ಮಗುವಿನ ಬಳಿ ಯಾರಾದರೊಬ್ಬರು ಉಳಿದಿರಲಿ. ಮುಗಿದ ಮೇಲೆ ನೀತಿಯನ್ನು ಕೇಳಬೇಡಿ. ಮಗು ಕೇಳುವ ಪ್ರಶ್ನೆಗಾಗಿ ಕಾದು ಕುಳಿತಿರಿ. ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ ನೀತಿ ಕೇಳುತ್ತಿದ್ದ ಕಾಲದಲ್ಲಿ ನಾನು ಹಾಗೆ ಕಾಯಲಿಲ್ಲ. ನಿಮ್ಮಲ್ಲಿ ಯಾರ ಪ್ರಶ್ನೆಯಾದರೂ ಅಂದು ಹಾಗೇ ಉಳಿದುಹೋಗಿದ್ದರೆ, ಈಗಲಾದರೂ ಬರೆಯಿರಿ.

ಇಂತು ನಿಮ್ಮ ಮೇಷ್ಟ್ರು