ಶಾಲೆ ಬಿಟ್ಟ ಮೇಲೆ ಮಕ್ಕಳು ಎಲ್ಲಿ? ಶಹಾಡ್ ಕೇಳುವ ಪ್ರಶ್ನೆ, ಸಿಗದ ಅನುದಾನ

ಕಲ್ಯಾಣ್: ಸೆಂಟ್ರಲ್ ರೈಲ್ವೆಯ ಕಸಾರಾ ಮಾರ್ಗದಲ್ಲಿ ಕಲ್ಯಾಣ್ ದಾಟಿದ ಕೂಡಲೇ ಸಿಗುವ ನಿಲ್ದಾಣ ಶಹಾಡ್. ಪಕ್ಕದಲ್ಲೇ ಉಲ್ಲಾಸನಗರ. ಬೆಳಿಗ್ಗೆ ಲೋಕಲ್ ಹತ್ತಿ ಠಾಣೆ, ಮುಂಬೈ ಕಡೆ ದುಡಿಯಲು ಹೋಗುವ ಅಪ್ಪ, ಅಮ್ಮ ಮನೆ ಸೇರುವುದು ಕತ್ತಲಾದ ಮೇಲೆ. ಆರರಿಂದ ಎಂಟನೇ ತರಗತಿಯ ಮಕ್ಕಳು ಶಾಲೆಯಿಂದ ಬರುವುದು ಅದಕ್ಕೂ ಎಷ್ಟೋ ಹೊತ್ತು ಮೊದಲು. ಆ ನಡುವಿನ ಹೊತ್ತಿಗೆ ಹೊಣೆ ಯಾರು? ಹಣ ಯಾರದು?

220 ದಿನ, 1,000 ಗಂಟೆ

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಈ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ದಿನ, 1,000 ಗಂಟೆ ಪಾಠ ನಡೆಯಬೇಕು. ಉಳಿದ 145 ದಿನ ರಜೆ. ಅಂಗನವಾಡಿ ಇರುವುದು ಆರು ವರ್ಷದೊಳಗಿನ ಮಕ್ಕಳಿಗೆ. ಹನ್ನೆರಡರ ಹುಡುಗ, ಹುಡುಗಿಗೆ ಅಂಥ ವ್ಯವಸ್ಥೆಯಿಲ್ಲ.

ಕೇಂದ್ರದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 10,000 ರೂ.ವರೆಗೆ ಕ್ರೀಡಾ ಅನುದಾನವಿದೆ. ಅದರಲ್ಲಿ ಚೆಂಡು, ಬ್ಯಾಟು ಬರುತ್ತದೆ. ಸಂಜೆ ಮಕ್ಕಳನ್ನು ನೋಡಿಕೊಳ್ಳುವವರ ಸಂಬಳ ಬರುವುದಿಲ್ಲ.

ಕಾನೂನು ಕೊಟ್ಟ ವಿನಾಯಿತಿ

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿಗೆ ಕೈಜೋಡಿಸಲು ಅನುಮತಿ ಕೊಡುತ್ತದೆ. ಸಣ್ಣ ಹೊಲಿಗೆ ಘಟಕಗಳಿಗೆ ಹೆಸರಾದ ಉಲ್ಲಾಸನಗರದ ಆಸುಪಾಸಿನಲ್ಲಿ ಇದು ಬರೀ ಕಾಗದದ ಮಾತಲ್ಲ. ಖಾಲಿ ಹೊತ್ತಿಗೆ ಬೇರೆ ದಾರಿ ಇಲ್ಲದಿದ್ದರೆ ಕೆಲಸವೇ ದಾರಿಯಾಗುತ್ತದೆ.

ಕಂಪನಿ ಹಣಕ್ಕೂ ಗಡುವು

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು. ತಾವಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಕಾರ್ಖಾನೆಗಳಿರುವ ಈ ಪಟ್ಟಿಗೆ ಇದು ಅನುಕೂಲವೇ. ಆದರೆ ಮುಂದುವರಿಯುವ ಯೋಜನೆಗೆ, ಆರಂಭದ ವರ್ಷ ಬಿಟ್ಟು, ಗರಿಷ್ಠ 3 ವರ್ಷ ಮಾತ್ರ. ಇಂದು ಆರನೇ ತರಗತಿಯಲ್ಲಿರುವ ಮಗು ಎಂಟು ಮುಗಿಸಬಹುದು. ಅದರ ತಂಗಿಯ ಸರದಿ ಬರುವ ಹೊತ್ತಿಗೆ ಕೇಂದ್ರ ಇರುತ್ತದೋ ಇಲ್ಲವೋ, ಅದು ಕಂಪನಿಯ ಮರ್ಜಿ.

ಅಮೆರಿಕದ ಪಾಠ

ಅಮೆರಿಕದಲ್ಲಿ ಶಾಲೆಯ ನಂತರದ ಮತ್ತು ಬೇಸಿಗೆಯ ಕಲಿಕೆಗೆಂದೇ ಒಕ್ಕೂಟ ಸರ್ಕಾರದ ಬಜೆಟ್‌ನಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಮೀಸಲಿದೆ. 2025ರ ಜುಲೈನಲ್ಲಿ ಟ್ರಂಪ್ ಆಡಳಿತ ಈ ಹಣವನ್ನು ತಡೆಹಿಡಿಯಿತು. ಸ್ವಪಕ್ಷದ ಸೆನೆಟರ್‌ಗಳೂ ಆಕ್ಷೇಪಿಸಿದ ಮೇಲೆ ಅದೇ ತಿಂಗಳು ಬಿಡುಗಡೆ ಮಾಡಿತು. ಸರ್ಕಾರದ ಹಣವೂ ನಿಲ್ಲಬಹುದು ನಿಜ. ಆದರೆ ಅಲ್ಲಿ ಬಜೆಟ್‌ನಲ್ಲಿ ಹೆಸರಿತ್ತು, ಹಾಗಾಗಿ ನಿಂತಾಗ ಕೇಳುವ ಹಕ್ಕೂ ಇತ್ತು.

ಮುಂದೇನು?

ಶಾಲೆಯ ಕಟ್ಟಡವನ್ನು ಬಿಡುವಿನ ವೇಳೆಯಲ್ಲಿ ಸಮುದಾಯಕ್ಕೆ ಬಳಸಿಕೊಳ್ಳುವ ‘ಸಾಮಾಜಿಕ ಚೇತನಾ ಕೇಂದ್ರ’ದ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ. ಕೊಠಡಿಗಳಿವೆ. ಬೇಕಿರುವುದು ಬೀಗ ತೆಗೆಯುವವರು, ಮಕ್ಕಳ ಜತೆ ಕೂರುವವರು, ಅವರಿಗೆ ತಿಂಗಳು ತಿಂಗಳು ಸಂಬಳ. ಪಾಲಿಕೆಯ ಬಜೆಟ್‌ನಲ್ಲಿ ಇದಕ್ಕೊಂದು ಪ್ರತ್ಯೇಕ ಬಾಬ್ತು ತೆರೆದು, ಕಂಪನಿ ಹಣವನ್ನು ಅದಕ್ಕೆ ಪೂರಕವಾಗಿ ಸೇರಿಸಿಕೊಂಡರೆ, ಮೂರು ವರ್ಷದ ನಂತರವೂ ಶಹಾಡ್‌ನ ಮಕ್ಕಳಿಗೆ ಸಂಜೆ ಹೋಗಲು ಒಂದು ಜಾಗ ಉಳಿಯುತ್ತದೆ.