ತಾಳೆಯಾಗದ ಅಂಕಿಗೂ ಒಂದು ಪುಟ ಕೊಡಿ

ಕಳೆದ ರಜೆಯಲ್ಲಿ ಖಾಲಾ ಮನೆಗೆ ಹೋಗಿದ್ದೆ. ಎಂಜಿನಿಯರಿಂಗ್ ಓದುತ್ತಿರುವ ಅವರ ಮಗ ನನ್ನ ಕೈಗೆ ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟರು. ಅದು ಬಾಳೆಹಣ್ಣಿನ ಹಾಗೆ ಬಾಗಿತ್ತು. "ಇದೇ ನನ್ನ ಪ್ರಾಜೆಕ್ಟ್. ಮೊದಲ ಲೆಕ್ಕದಲ್ಲಿ ನೆಟ್ಟಗೆ ಬಂದಿತ್ತು, ಯಂತ್ರದಲ್ಲಿ ಹೀಗೆ ಬಂತು" ಎಂದು ನಕ್ಕರು. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಆ ತುಂಡು ಇಂದಿಗೂ ನನ್ನ ತಲೆಯಲ್ಲಿದೆ.

ಅವರು ವಿವರಿಸಿದ್ದು ಇಷ್ಟು. ಉಕ್ಕಿನ ಅಚ್ಚಿನೊಳಗೆ ಎಲ್ ಆಕಾರದ ದಾರಿ ಇರುತ್ತದೆ. ಒಳಗೆ ಹೋಗುವ ದಾರಿಯೂ ಹೊರಗೆ ಬರುವ ದಾರಿಯೂ ಒಂದೇ ಅಳತೆ. ಪ್ಲಾಸ್ಟಿಕ್ ತುಂಡನ್ನು ಕರಗಿಸದೆ, ಮೇಲಿನಿಂದ ಒತ್ತಿ ಆ ಮೂಲೆಯನ್ನು ದಾಟಿಸುತ್ತಾರೆ. ಹೊರಬಂದ ತುಂಡಿನ ದಪ್ಪ ಮೊದಲಿನಷ್ಟೇ. ಆದರೆ ಒಳಗಿನ ಪದರಗಳು ಒಂದರ ಮೇಲೊಂದು ಜಾರಿರುತ್ತವೆ. ಮೇಜಿನ ಮೇಲೆ ಜೋಡಿಸಿಟ್ಟ ನೋಟ್‌ಬುಕ್‌ಗಳನ್ನು ಪಕ್ಕಕ್ಕೆ ತಳ್ಳಿ ನೋಡಿ, ಅಂಚು ಓರೆಯಾಗುತ್ತದಲ್ಲ, ಹಾಗೆ. ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಯಂಥ ಅಣುಗಳು ಇದರಿಂದ ಹೊಸ ದಿಕ್ಕಿಗೆ ತಿರುಗುತ್ತವೆ. ಏನನ್ನೂ ಬೆರೆಸದೆ ಅದರ ಗುಣ ಬದಲಾಗುತ್ತದೆ. 1970ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಮಿನ್ಸ್ಕ್ ನಗರದಲ್ಲಿ ವ್ಲಾದಿಮಿರ್ ಸೆಗಾಲ್ ಈ ವಿಧಾನವನ್ನು ಲೋಹಗಳಿಗಾಗಿ ರೂಪಿಸಿದರು. 1990ರ ದಶಕದ ಕೊನೆಗೆ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇದನ್ನು ಪ್ಲಾಸ್ಟಿಕ್ಕಿನ ಮೇಲೂ ಪ್ರಯೋಗಿಸಿದರು.

ಪದರಗಳು ಎಷ್ಟು ಜಾರುತ್ತವೆ ಎನ್ನುವುದಕ್ಕೆ ಸೂತ್ರವಿದೆ. ಮೂಲೆ 90 ಡಿಗ್ರಿಯಾದರೆ, 1 ಮಿಲಿಮೀಟರ್ ಅಂತರದ ಎರಡು ಪದರಗಳ ನಡುವೆ 2 ಮಿಲಿಮೀಟರ್ ಜಾರಿಕೆ. ಮೂಲೆ 120 ಡಿಗ್ರಿಯಾದರೆ ಸುಮಾರು 1.15 ಮಿಲಿಮೀಟರ್. ಎಷ್ಟು ಅಚ್ಚುಕಟ್ಟು! ಆದರೆ ಈ ಸೂತ್ರ ಕೆಲವನ್ನು ಮೊದಲೇ ಒಪ್ಪಿಕೊಂಡುಬಿಟ್ಟಿದೆ: ಮೂಲೆ ಚೂಪಾಗಿದೆ, ಘರ್ಷಣೆ ಇಲ್ಲ, ತುಂಡು ಮೂಲೆಯನ್ನು ಪೂರ್ತಿ ತುಂಬುತ್ತದೆ. ನಿಜದಲ್ಲಿ ಹೊರಮೂಲೆಯಲ್ಲಿ ಸಂದು ಉಳಿಯಬಹುದು, ಆಗ ಕೆಳಗಿನ ಪದರ ಕಡಿಮೆ ಜಾರುತ್ತದೆ. ಬಿಸಿ ಮತ್ತು ಒತ್ತುವ ವೇಗ ಬದಲಾದರೆ ಪ್ಲಾಸ್ಟಿಕ್ಕಿನ ನಡತೆಯೂ ಬದಲಾಗುತ್ತದೆ. ಒತ್ತಡ ತೆಗೆದ ಮೇಲೆ ಅದು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ, ಬಾಗುತ್ತದೆ. ಆದ್ದರಿಂದ ತುಂಡಿನ ಮೇಲೆ ಮೊದಲೇ ಚೌಕಗಳನ್ನು ಗೀಚಿ, ಒತ್ತಿದ ಮೇಲೆ ಅವು ಎಷ್ಟು ಓರೆಯಾದವೆಂದು ಅಳೆದು, ಲೆಕ್ಕದ ಜೊತೆ ಹೋಲಿಸುತ್ತಾರೆ. ಹೊರಬರುವ ಬಾಯಿಯಲ್ಲಿ ಎದುರೊತ್ತಡ ಕೊಟ್ಟರೆ ಬಾಗುವುದು ಕಡಿಮೆಯಾಗುತ್ತದೆ. ಬಾಗಿದ ತುಂಡನ್ನು ಬಚ್ಚಿಟ್ಟಿದ್ದರೆ ಇಂಥ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಕಳೆದ ವರ್ಷದ ನನ್ನ ಪ್ರಾಜೆಕ್ಟಿನಲ್ಲಿ ಇಪ್ಪತ್ತು ಅಂಗಡಿಗಳ ಮಾರಾಟದ ಲೆಕ್ಕವಿದೆ. ನಾನು ಹೋಗಿದ್ದು ಆರಕ್ಕೆ. ಉಳಿದ ಹದಿನಾಲ್ಕನ್ನು ಮನೆಯಲ್ಲಿ ಕುಳಿತು ಬರೆದೆ. ಆ ಆರರಲ್ಲೂ ಒಂದು ಅಂಗಡಿಯ ಅಂಕಿ ನನ್ನ ಗ್ರಾಫಿಗೆ ಒಗ್ಗಲಿಲ್ಲ ಎಂದು ತಿದ್ದಿದೆ. ಒಳ್ಳೆಯ ಅಂಕ ಬಂತು. ನಾನೊಬ್ಬನೇ ಅಲ್ಲ. ಲ್ಯಾಬಿನಲ್ಲಿ ಉತ್ತರವನ್ನು ಮೊದಲು ಬರೆದು, ಆಮೇಲೆ ರೀಡಿಂಗ್ ಹೊಂದಿಸುವ ಸೈನ್ಸ್ ಗೆಳೆಯರೂ ಇದ್ದಾರೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಎನ್ನಲಾಗದು ಎಂದು ನಾವೇ ಓದುತ್ತೇವೆ. ಪೂರ್ತಿ ಬಿಟ್ಟುಹೋದ ವ್ಯವಹಾರ ಅದರಲ್ಲಿ ಕಾಣುವುದಿಲ್ಲ, ಅದಕ್ಕೆ ವೋಚರ್ ನೋಡಬೇಕು. ಪ್ಲಾಸ್ಟಿಕ್ಕಿಗೆ ಆ ಚೌಕಗಳೇ ವೋಚರ್. ನಮ್ಮ ಮನೆಯ ಉರ್ದುವಿನಲ್ಲಿ ಲೆಕ್ಕಪತ್ರಕ್ಕೂ ಗಣಿತಕ್ಕೂ ಹಿಸಾಬ್ ಎಂಬ ಒಂದೇ ಮಾತು. ಎರಡಕ್ಕೂ ನಿಯಮವೂ ಒಂದೇ ಇರಲಿ ಎನ್ನುತ್ತೇನೆ.

ಅಂಕಕ್ಕಾಗಿ ಓದುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಅಂಕದ ಆಸೆ ತಪ್ಪೆಂದು ನಾನು ಹೇಳುವುದಿಲ್ಲ, ನನಗೂ ಇದೆ. ಅದಕ್ಕೇ ಉಪನ್ಯಾಸಕರಲ್ಲಿ ನನ್ನ ವಿನಂತಿ: ಪ್ರತಿ ಪ್ರಾಜೆಕ್ಟಿನಲ್ಲೂ, ಪ್ರತಿ ಲ್ಯಾಬ್ ರೆಕಾರ್ಡಿನಲ್ಲೂ ತಾಳೆಯಾಗದ ಅಂಕಿಗಳಿಗೆ ಒಂದು ಪುಟ ಇರಲಿ. ಅದಕ್ಕೆ ಕಾರಣ ಹುಡುಕಿ ಬರೆದವರಿಗೆ ಅಂಕ ಸಿಗಲಿ. ಆಗ ತಿದ್ದುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ನನ್ನ ಪ್ರಾಜೆಕ್ಟ್ ಪುಸ್ತಕವನ್ನು ವಾಪಸ್ ಕೇಳಿದ್ದೇನೆ. ನಾನು ತಿದ್ದಿದ ಅಂಗಡಿಗೆ ಈ ಭಾನುವಾರ ಮತ್ತೆ ಹೋಗುತ್ತೇನೆ. ಅವರ ಮಾರಾಟ ಯಾಕೆ ಬೇರೆಯಾಗಿತ್ತು ಎಂದು ಕೇಳಲೇ ಇಲ್ಲವಲ್ಲ.