ಮನೆಮದ್ದು: ಆಡುಸೋಗೆ

ಆಡೂ ಬಾಯಿಡದಷ್ಟು ಕಹಿಯಾದ ಆಡುಸೋಗೆಯು ಹಿತ್ತಲ ಬೇಲಿಗೆ ಹೊಸದಲ್ಲ. ಆಯುರ್ವೇದದಲ್ಲಿ ಇದು ವಾಸಾ; ಹೋಮಿಯೋಪಥಿಯಲ್ಲಿ ಜಸ್ಟಿಸಿಯಾ ಅಧಟೋಡಾ. ಎರಡರಲ್ಲೂ ಕೆಮ್ಮು, ಉಬ್ಬಸಗಳಿಗೆ ಬಳಕೆಯಲ್ಲಿದೆ. ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ವವನ್ನು ಆಧರಿಸಿಯೇ, ಕಫ ಸಡಿಲಿಸುವ ಬ್ರೋಮ್‌ಹೆಕ್ಸಿನ್ ಔಷಧವು ರೂಪುಗೊಂಡಿತು. ಆದರೆ ನೂರರಲ್ಲೊಂದು ಪಾಲಿನಂತೆ 30 ಸಲ ತೆಳುಗೊಳಿಸಿದ ಗುಳಿಗೆಯಲ್ಲಿ ಆ ಸತ್ವದ ಅಣುವೂ ಉಳಿಯದು. ಎಲೆಯ ಗುಣವನ್ನು ಅದಕ್ಕೆ ಆರೋಪಿಸಲಾಗದು.

ಕಷಾಯವೂ ಎಲ್ಲರಿಗಲ್ಲ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸಬಲ್ಲದು. ಆದುದರಿಂದ ಗರ್ಭಿಣಿಯರು, ಅತ್ತೆಯವರೇ ಅಕ್ಕರೆಯಿಂದ ಕಾಸಿ ಕೊಟ್ಟರೂ, ವಿನಯದಿಂದ ಬೇಡವೆನ್ನಬೇಕು. ಇನ್ನು ಕೆಮ್ಮು ಎರಡು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ಮದ್ದು ಬದಲಿಸುತ್ತ ಕಾಲ ಕಳೆಯದೆ ಕಫ ಪರೀಕ್ಷೆ ಮಾಡಿಸತಕ್ಕದ್ದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.